ಬಿ ಭಯ್ಯಾನ ಹದಿನೈದು ದಿನ

ನನ್ನ ಕೆಲಸ ಹೋದದ್ದು ಸರಿಯಾಗಿ ಸ್ನಾನ ಮಾಡದೇ ಇದ್ದುದಕ್ಕೆ. ಕಾಗದದಲ್ಲಿ ಹಾಗೆ ಬರೆದಿಲ್ಲ. ‘ಒಪ್ಪಂದದ ಅವಧಿ ಮುಗಿದಿದೆ’ ಎಂದು ಬರೆದಿದ್ದಾರೆ. ಅದು ಸುಳ್ಳು. ಎರಡು ಸಾವಿರದ ಏಳನೇ ಇಸವಿಯ ಮೇ ತಿಂಗಳಲ್ಲಿ, ಗುರ್‌ಗಾಂವಿನ ಗಾಜಿನ ಕಟ್ಟಡವೊಂದರ ಐದನೇ ಮಹಡಿಯಲ್ಲಿ, ನಾವು ಮೂವತ್ತೊಂದು ಜನ ಹದಿನೈದು ದಿನ ನಾರುತ್ತ ಕೂತಿದ್ದೆವು. ಬೇಕಂತಲೇ ನಾರಿದೆವು. ಅದನ್ನು ಶುರು ಮಾಡಿದವಳು ನಾನು, ವಸಂತಿ, ಚಾಮರಾಜನಗರದವಳು, ಎಂ.ಕಾಂ. ಫಸ್ಟ್ ಕ್ಲಾಸು.

ನನ್ನ ಹುದ್ದೆಯ ಹೆಸರು ಬಜೆಟ್ ಅನಾಲಿಸ್ಟ್. ಊರಲ್ಲಿ ಅಮ್ಮ ‘ನನ್ ಮಗಳು ದಿಲ್ಲೀಲಿ ಬಜೆಟ್ ಮಾಡ್ತಾಳೆ’ ಅನ್ನುತ್ತಿದ್ದಳು. ಕೇಳಿದವರು ನಾನು ಪಾರ್ಲಿಮೆಂಟಿನಲ್ಲಿದ್ದೇನೆ ಎಂದುಕೊಂಡಿದ್ದರು. ನಾನಿದ್ದದ್ದು ಗುರ್‌ಗಾಂವಿನ ಚಕ್ಕರ್‌ಪುರದ ಒಂದು ಕೋಣೆಯಲ್ಲಿ. ಎಂಟು ಬಾಡಿಗೆದಾರರಿಗೆ ಒಂದು ಕಕ್ಕಸು. ನೀರು ಟ್ಯಾಂಕರ್ ಬಂದರೆ ಉಂಟು, ಬರದಿದ್ದರೆ ಇಲ್ಲ. ಕೆಲಸವೂ ಅಂಥ ದೊಡ್ಡದೇನಲ್ಲ. ಅಂಗಡಿ ಅಂಗಡಿ ಸುತ್ತಿ ಬೆಲೆ ಬರೆದುಕೊಂಡು ಬರಬೇಕು. ಈ ಊರಲ್ಲಿ ಒಬ್ಬ ಮನುಷ್ಯ ಬದುಕಲು ತಿಂಗಳಿಗೆ ಎಷ್ಟು ಬೇಕು ಎಂದು ಪಟ್ಟಿ ಮಾಡಬೇಕು. ಆ ಪಟ್ಟಿ ನೋಡಿ ಕಂಪನಿಗಳು ಸಂಬಳ ಗೊತ್ತು ಮಾಡುತ್ತವೆ.

ಊರು ಒಂದೇ, ಪಟ್ಟಿ ಎರಡು. ಪಟ್ಟಿ ಎ, ವಿದೇಶದಿಂದ ಬರುವ ಸಾಹೇಬರಿಗೆ. ಅದರ ಪ್ರಕಾರ ಗುರ್‌ಗಾಂವ್ ಭಯಂಕರ ದುಬಾರಿ ಊರು. ಡ್ರೈವರು ಬೇಕು, ಅಡಿಗೆಯವನು ಬೇಕು, ಹೊರದೇಶದ ಚೀಸ್ ಬೇಕು, ನಾಯಿಗೆ ತಿಂಗಳಿಗೆ ನಾನೂರೈವತ್ತು ರೂಪಾಯಿಯ ಶಾಂಪೂ ಬೇಕು. ಪಟ್ಟಿ ಬಿ, ಕಾಂಟ್ರ್ಯಾಕ್ಟಿನ ಮೇಲೆ ದುಡಿಯುವ ನಮ್ಮಂಥವರಿಗೆ. ಅದರ ಪ್ರಕಾರ ಅದೇ ಗುರ್‌ಗಾಂವ್ ಬಹಳ ಅಗ್ಗ. ನಾಲ್ಕು ಸಾವಿರದ ಇನ್ನೂರು ರೂಪಾಯಿಯಲ್ಲಿ ತಿಂಗಳು ಕಳೆದು ಹೋಗುತ್ತದೆ. ಕಸ ಗುಡಿಸುವವರಿಗೆ, ಚಹಾ ಕೊಡುವವರಿಗೆ ಪಟ್ಟಿ ಬಿ ಎಷ್ಟೋ ಅಷ್ಟೇ ಸಂಬಳ. ಡಿಗ್ರಿ ಇರುವ ನಮಗೆ ಅದರ ಒಂದೂವರೆ ಪಟ್ಟು. ಎರಡು ಪಟ್ಟಿಯನ್ನೂ ಬರೆಯುತ್ತಿದ್ದವಳು ನಾನೇ. ನಾಯಿಯ ಶಾಂಪೂ ಬೆಲೆಯನ್ನು ಮೂರು ಅಂಗಡಿಯಲ್ಲಿ ವಿಚಾರಿಸಿ ಸರಾಸರಿ ತೆಗೆದವಳೂ ನಾನೇ.

ಪಟ್ಟಿ ಬಿಯಲ್ಲಿ ಬದುಕುವ ಮನುಷ್ಯನಿಗೆ ಆಫೀಸಿನ ಭಾಷೆಯಲ್ಲಿ ‘ಮಾದರಿ ವ್ಯಕ್ತಿ’ ಎನ್ನುತ್ತಾರೆ. ನಾವು ಅವನನ್ನು ಬಿ ಭಯ್ಯಾ ಎನ್ನುತ್ತಿದ್ದೆವು. ಬಿ ಭಯ್ಯಾ ಅಪರೂಪದ ಪ್ರಾಣಿ. ಅವನಿಗೆ ಜ್ವರ ಬರುವುದಿಲ್ಲ. ಅವನ ಚಪ್ಪಲಿ ಕಿತ್ತುಹೋಗುವುದಿಲ್ಲ. ಅವನ ಮನೆಗೆ ನೆಂಟರು ಬರುವುದಿಲ್ಲ. ತಾಯಿಗೆ ದುಡ್ಡು ಕಳಿಸುವುದಿಲ್ಲ, ತಾಯಿಯೇ ಇಲ್ಲ ಅಂತ ಕಾಣುತ್ತದೆ.

‘ಬೀವಿ ಇಲ್ಲ ತಾನೇ? ಯಾವಳೋ ಬಚಾವಾದಳು,’ ಅಂದಿದ್ದಳು ಕಮಲೇಶ್ ದೀದಿ. ಅವಳು ನಮ್ಮ ಮಹಡಿಯ ಕಕ್ಕಸು ತೊಳೆಯುವವಳು. ಕೈಗವಸು ಕೇಳಿ ಕೇಳಿ ಸಾಕಾಗಿ ಬರಿಗೈಯಲ್ಲೇ ಆಸಿಡ್ ಹಾಕುತ್ತಿದ್ದಳು. ಅವಳ ಬೆರಳ ತುದಿಯಲ್ಲಿ ಚರ್ಮ ಸುಲಿದಿತ್ತು.

ನಮ್ಮ ಮ್ಯಾನೇಜರು ಚಂದ್ರಮೋಹನ್ ಕನ್ನಡದವರು. ಸೇರಿದ ಹೊಸದರಲ್ಲಿ ‘ನೀವು ನಮ್ಮ ಕಡೆಯವರು ಕಣ್ರೀ’ ಎಂದು ಖುಷಿಪಟ್ಟರು. ಯುಗಾದಿಗೆ ಮನೆಗೆ ಕರೆದರು. ಹೋಳಿಗೆ ಬಡಿಸುವ ಮೊದಲು ಅವರ ಹೆಂಡತಿ ವೈಜಯಂತಿ ‘ನಿಮ್ಮದು ಯಾವ ಪೈಕಿ?’ ಎಂದು ಕೇಳಿದರು. ‘ಎಸ್ಸಿ,’ ಅಂದೆ. ಎಲ್ಲರಿಗೂ ಸ್ಟೀಲ್ ತಟ್ಟೆ ಬಂತು. ನನಗೆ ಥರ್ಮೋಕೋಲ್ ತಟ್ಟೆ ಬಂತು. ಸೋಮವಾರದಿಂದ ಆಫೀಸಿನಲ್ಲಿ ನಾನು ‘ನೀವು’ ಹೋಗಿ ‘ನೀನು’ ಆದೆ. ಏಪ್ರಿಲ್ ಕೊನೆಗೆ ಒಂದು ಸುತ್ತೋಲೆಯೂ ಬಂತು: ಕಾಂಟ್ರ್ಯಾಕ್ಟ್ ಸಿಬ್ಬಂದಿ ಮೈವಾಸನೆಯ ಬಗ್ಗೆ ಎಚ್ಚರ ವಹಿಸಬೇಕು, ಡಿಯೋಡ್ರೆಂಟ್ ಬಳಸಬೇಕು.

ಈ ವಾಸನೆಯ ಮಾತು ನನಗೆ ಹೊಸದಲ್ಲ. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಮೂಗಿಗೆ ಪಂಚೆಯ ತುದಿ ಹಿಡಿದು ನನ್ನ ಸ್ಲೇಟು ತಿದ್ದುತ್ತಿದ್ದರು. ಅಂದಿನಿಂದ ನಾನು ದಿನಕ್ಕೆರಡು ಸಲ ಮಿಂದವಳು. ಹಾಸ್ಟೆಲಿನಲ್ಲಿ ಚಳಿಗಾಲದ ನಸುಕಿನಲ್ಲಿ ತಣ್ಣೀರು ಸುರಿದುಕೊಂಡಿದ್ದೇನೆ. ಚರ್ಮ ಕೆಂಪಾಗುವವರೆಗೆ ಕಲ್ಲಿನಿಂದ ಉಜ್ಜಿಕೊಂಡಿದ್ದೇನೆ. ಬಸ್ಸಿನಲ್ಲಿ ಯಾರಾದರೂ ಮುಖ ತಿರುಗಿಸಿದರೆ ಮೆಲ್ಲಗೆ ನನ್ನ ಕಂಕುಳನ್ನೇ ಮೂಸಿ ನೋಡಿಕೊಂಡಿದ್ದೇನೆ. ಇಪ್ಪತ್ತಾರು ವರ್ಷಕ್ಕೆ ನನಗೆ ನನ್ನ ಮೈಯ ಮೇಲೆ ಅಷ್ಟೊಂದು ಅನುಮಾನ. ಆ ಸಿಟ್ಟು ಇನ್ನೂ ಇದೆ.

ಮೇ ಹದಿನೈದರಂದು ಚಂದ್ರಮೋಹನ್ ಕ್ಯಾಬಿನ್ನಿಗೆ ಕರೆದರು. ಎದುರಿಗೆ ಪಟ್ಟಿ ಬಿ, ಕೈಯಲ್ಲಿ ಕೆಂಪು ಪೆನ್ಸಿಲ್ಲು.

‘ಇದು ಹನ್ನೊಂದು ಪರ್ಸೆಂಟ್ ಇಳೀಬೇಕು ವಸಂತಿ. ಮೂವತ್ತನೇ ತಾರೀಕು ಲಂಡನ್ ಹೆಡ್ ಆಫೀಸಿನವರು ಬರ್ತಿದ್ದಾರೆ. ನಾನು ಮಾತು ಕೊಟ್ಟಾಗಿದೆ.’

‘ಬೆಲೆ ಏರಿದೆ ಸರ್. ಬೇಳೆ, ಹಾಲು, ಬಾಡಿಗೆ, ಎಲ್ಲ.’

‘ಬೆಲೆ ಏರಲಿ. ತಿನ್ನೋದು ಇಳಿಸು. ಇದೇನಿದು, ದಿನಕ್ಕೆ ಎರಡು ಚಾ? ಒಂದು ಸಾಕು. ಶೇರ್ ಆಟೋ ಎರಡು ಕಡೆಗೂ ಯಾಕೆ? ಒಂದು ಕಡೆ ನಡೀಲಿ. ನಾನೇ ದಿನಾ ಪಾರ್ಕಲ್ಲಿ ನಡೀತೀನಿ, ಆರೋಗ್ಯಕ್ಕೆ ಒಳ್ಳೇದು. ಮೈಸೋಪು ತಿಂಗಳಿಗೊಂದು? ಎರಡು ತಿಂಗಳಿಗೊಂದು ಮಾಡು. ನೀರು ದಿನಕ್ಕೆ ಒಂದು ಬಕೆಟ್ ಸಾಕು. ಫ್ಯಾನು ನಾಲ್ಕು ಗಂಟೆ. ಫೋನ್ ರೀಚಾರ್ಜ್ ಐವತ್ತು ರೂಪಾಯಿ? ಇನ್‌ಕಮಿಂಗ್ ಫ್ರೀ ಅಲ್ವೇನಮ್ಮ! ಸೊನ್ನೆ ಹಾಕು. ಮನರಂಜನೆಗೂ ಸೊನ್ನೆ.’

‘ಸರ್, ಹೆಂಗಸರ ಖರ್ಚು ಒಂದೂ ಇಲ್ಲ ಇದರಲ್ಲಿ.’

‘ಮಾದರಿ ವ್ಯಕ್ತಿ ಗಂಡಸು. ಮೊದಲಿನಿಂದಲೂ ಗಂಡಸೇ.’

ನಾಲ್ಕು ಸಾವಿರದ ಇನ್ನೂರು ಹೋಗಿ ಮೂರು ಸಾವಿರದ ಏಳುನೂರ ಮೂವತ್ತೆಂಟು ಆಯಿತು. ಕೆಳಗೆ ಒಂದು ದೃಢೀಕರಣ ಇತ್ತು: ‘ಈ ಖರ್ಚಿನಲ್ಲಿ ಒಬ್ಬ ವ್ಯಕ್ತಿ ಈ ನಗರದಲ್ಲಿ ಮರ್ಯಾದೆಯಿಂದ ಬದುಕಬಹುದೆಂದು ನಾನು ಸ್ವತಃ ಪರಿಶೀಲಿಸಿ ಹೇಳುತ್ತೇನೆ.’ ಅದರ ಕೆಳಗೆ ಸಹಿ. ಸಹಿ ಮ್ಯಾನೇಜರದ್ದಾಗುವಂತಿಲ್ಲ, ಕೆಳಗಿನ ಸಿಬ್ಬಂದಿಯದೇ ಆಗಬೇಕು. ಸಹಿ ಇಲ್ಲದ ಪಟ್ಟಿಯನ್ನು ಲಂಡನ್ನಿನವರು ಒಪ್ಪುವುದಿಲ್ಲ. ಸಹಿ ಮಾಡದವಳ ಒಪ್ಪಂದ ಜೂನ್ ಒಂದಕ್ಕೆ ಮುಂದುವರಿಯುವುದಿಲ್ಲ. ಇದನ್ನು ಚಂದ್ರಮೋಹನ್ ಪೆನ್ಸಿಲ್ಲು ಚೂಪು ಮಾಡುತ್ತ ಹೇಳಿದರು. ಸಹಿ ಹಾಕಿದರೆ ಮೂವತ್ತೊಂದು ಜನರ ಸಂಬಳ ಇಳಿಯುತ್ತದೆ, ಹಾಕದಿದ್ದರೆ ನನ್ನ ಕೆಲಸ ಹೋಗುತ್ತದೆ.

‘ಸ್ವತಃ ಪರಿಶೀಲಿಸಿ ಅಂತ ಇದೆ ಸರ್,’ ಅಂದೆ. ‘ಹದಿನೈದು ದಿನ ಟೈಮ್ ಕೊಡಿ. ಪರಿಶೀಲಿಸ್ತೀನಿ.’

‘ಗುಡ್. ಚೆನ್ನಾಗಿ ಪರಿಶೀಲಿಸು,’ ಅಂದರು. ನಾನು ಅಂಗಡಿಗೆ ಹೋಗಿ ಬರುತ್ತೇನೆ ಎಂದುಕೊಂಡಿದ್ದರು, ಪಾಪ.

ಆವತ್ತೇ ಪ್ಯಾಂಟ್ರಿಯಲ್ಲಿ ಕಾಂಟ್ರ್ಯಾಕ್ಟಿನವರೆಲ್ಲರಿಗೂ ಪಟ್ಟಿಯ ಒಂದೊಂದು ಪ್ರತಿ ಹಂಚಿದೆ. ಹದಿನೈದು ದಿನ ನಾವೆಲ್ಲ ಬಿ ಭಯ್ಯಾ. ಪಟ್ಟಿಯಲ್ಲಿ ಇರುವುದನ್ನೆಲ್ಲ ಮಾಡಬೇಕು, ಇಲ್ಲದ್ದನ್ನು ಮಾಡಬಾರದು. ಅಷ್ಟೇ ನಿಯಮ. ಹರಿಣಿ ಚಪ್ಪಾಳೆ ತಟ್ಟಿದಳು. ಅವಳು ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ಗುಮಾಸ್ತರ ಮಗಳು. ಅರ್ಧ ವಾಕ್ಯ ಕನ್ನಡ, ಅರ್ಧ ಹಿಂದಿ. ತುಮಕೂರಿನ ಯೋಗೀಶ ಮಾತ್ರ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ‘ಇದು ಎಲ್ಲಿಗೋ ಹೋಗಿ ಮುಟ್ಟುತ್ತೆ ನೋಡಿ,’ ಅಂದ. ಅವನಿಗೆ ಹೊಸದಾಗಿ ಮದುವೆಯಾಗಿತ್ತು.

ಯಾವ ಕಡೆ ನಡೆಯಬೇಕೆಂದು ಪಟ್ಟಿಯಲ್ಲಿ ಬರೆದಿರಲಿಲ್ಲ. ನಾವು ಬೆಳಿಗ್ಗೆ ನಡೆದೆವು. ನಲವತ್ತನಾಲ್ಕು ಡಿಗ್ರಿ ಬಿಸಿಲು, ಮುಖಕ್ಕೆ ಹೊಡೆಯುವ ಲೂ ಎಂಬ ಬಿಸಿಗಾಳಿ, ಮೆಟ್ರೋಗೆಂದು ಅಗೆದುಹಾಕಿದ ಮೆಹ್ರೋಲಿ ರಸ್ತೆಯ ಕೆಂಪು ಧೂಳು. ಆಫೀಸು ಮುಟ್ಟುವಾಗ ಬೆನ್ನಿನ ಬೆವರು ಕಾಲಿಗಿಳಿದಿರುತ್ತಿತ್ತು. ಅಂಗಿಯ ಮೇಲೆ ಉಪ್ಪಿನ ಗೆರೆಗಳು. ಹಾಗೆಯೇ ಎಸಿಯಲ್ಲಿ ಕೂತು ಒಣಗುತ್ತಿದ್ದೆವು.

ಬಕೆಟ್ ನೀರು ಅಡಿಗೆಗೆ, ಕುಡಿಯಲು, ಕಕ್ಕಸಿಗೆ ಮುಗಿಯುತ್ತಿತ್ತು. ನಾಲ್ಕು ದಿನ ಕೂಡಿಸಿದ ಚೊಂಬು ನೀರಿನಲ್ಲಿ ಒಂದು ಸ್ನಾನ. ಮೊದಲ ದಿನ ಮೀಯದೆ ಹೊಸ್ತಿಲವರೆಗೆ ಹೋಗಿ ಎರಡು ಸಲ ವಾಪಸ್ ಬಂದೆ. ಎರಡನೇ ದಿನ ಅತ್ತೆ. ನಾಲ್ಕನೇ ದಿನ ನನ್ನ ಮೈಯ ವಾಸನೆಯನ್ನು ಹೆದರದೆ ಮೂಸಿದೆ. ಬೆವರಿನ ವಾಸನೆ, ಅಷ್ಟೇ. ಇಡೀ ಮಹಡಿಯಲ್ಲಿ ಎಲ್ಲ ಜಾತಿಯವರಿಗೂ ಅದೇ ವಾಸನೆ ಬರುತ್ತಿತ್ತು. ಆವತ್ತು ನನಗಾದ ಸಂತೋಷ ಫಸ್ಟ್ ಕ್ಲಾಸ್ ಬಂದಾಗಲೂ ಆಗಿರಲಿಲ್ಲ.

ಫೋನಿನದು ಇನ್ನೊಂದು ಮಜಾ. ಚಂದ್ರಮೋಹನ್ ಭಾನುವಾರವೂ ಫೋನ್ ಮಾಡಿ ‘ಆ ಲೆಕ್ಕ ನೋಡಿ ವಾಪಸ್ ಫೋನ್ ಮಾಡು’ ಅನ್ನುತ್ತಿದ್ದರು. ನಾವು ಮಿಸ್ಡ್ ಕಾಲ್ ಕೊಡುತ್ತಿದ್ದೆವು. ಒಂದು ಸಲ ಹೊಡೆದರೆ ಹೌದು, ಎರಡು ಸಲ ಹೊಡೆದರೆ ಇಲ್ಲ. ‘ಬಾಡಿಗೆ ಸರಾಸರಿ ಎಷ್ಟು?’ ಎಂದು ಕೇಳಿದಾಗ ಹರಿಣಿ ಪಾಪ, ನೂರಕ್ಕೊಂದರಂತೆ ಸಾವಿರದ ನೂರಕ್ಕೆ ಹನ್ನೊಂದು ಮಿಸ್ಡ್ ಕಾಲ್ ಕೊಡಲು ಹೊರಟಳು. ಏಳನೆಯದಕ್ಕೆ ಅವರು ಫೋನ್ ಆಫ್ ಮಾಡಿದರು.

ಅದೇ ಹರಿಣಿ ಆರನೇ ದಿನ ಘಮಘಮ ಎಂದು ಬಂದಳು. ಎಲ್ಲರೂ ದುರುಗುಟ್ಟಿ ನೋಡಿದೆವು.

‘ಕ್ಯಾ ಕರೂಂ ಯಾರ್, ಮಮ್ಮಿ ನನ್ನ ಬಾತ್‌ರೂಮಲ್ಲಿ ನೂಕಿ ಹೊರಗಿನಿಂದ ಚಿಲಕ ಹಾಕಿಬಿಟ್ಟಳು. ಸೋಪು ಹಚ್ಚೋವರೆಗೂ ತೆಗೀಲೇ ಇಲ್ಲ. ಸಾರಿ!’ ಅಂದಳು. ಮಧ್ಯಾಹ್ನ ಊಟದ ಹೊತ್ತಿಗೆ ತಾನೇ ಹೋಗಿ ಬಿಸಿಲಲ್ಲಿ ಎರಡು ಸುತ್ತು ಓಡಿ ಬಂದಳು.

ಏಳನೇ ದಿನ ನಾನು ಮುಟ್ಟಾದೆ. ರಜೆ ಚೀಟಿ ಬರೆದೆ: ‘ಪಟ್ಟಿ ಬಿ ಪ್ರಕಾರ ನಾನು ಗಂಡಸು. ಆದ್ದರಿಂದ ನಾನು ಮುಟ್ಟಾಗಬಾರದಿತ್ತು. ಆಗಿದ್ದೇನೆ. ಇದಕ್ಕೆ ಪಟ್ಟಿಯಲ್ಲಿ ಹಳೇ ಬಟ್ಟೆಗೂ ದುಡ್ಡಿಲ್ಲ. ಪಟ್ಟಿ ತಿದ್ದುವವರೆಗೆ, ಇಲ್ಲವೇ ನಾನು ಗಂಡಸಾಗುವವರೆಗೆ, ಮೂರು ದಿನ ರಜೆ ಕೊಡಬೇಕು.’ ಚಂದ್ರಮೋಹನ್ ಓದಿದರು. ಕಿವಿ ಕೆಂಪಾಯಿತು. ನನ್ನ ಮುಖ ನೋಡದೆ ಸಹಿ ಹಾಕಿದರು. ಆ ವಾರ ಅದೇ ಒಕ್ಕಣೆಯ ಏಳು ಚೀಟಿಗಳು ಅವರ ಮೇಜಿಗೆ ಹೋದವು. ಅಷ್ಟೂ ಮಂದಿ ನಿಜವಾಗಿ ಮುಟ್ಟಾಗಿದ್ದರೋ ಇಲ್ಲವೋ, ಕೇಳುವ ಧೈರ್ಯ ಅವರಿಗಿರಲಿಲ್ಲ.

ಎಲ್ಲವೂ ನಗುವಿನದೇ ಆಗಿರಲಿಲ್ಲ. ನಾಲ್ಕು ಗಂಟೆ ಫ್ಯಾನು ಮುಗಿದ ಮೇಲೆ ನಿದ್ದೆ ಬರುತ್ತಿರಲಿಲ್ಲ. ತೊಡೆಯ ಸಂದಿಯಲ್ಲಿ ಬೆವರುಸಾಲೆ ಎದ್ದು ನಡೆದರೆ ಉರಿಯುತ್ತಿತ್ತು. ಎರಡು ರೊಟ್ಟಿ, ನೀರಂಥ ದಾಲು ತಿಂದು ಬಿಸಿಲಲ್ಲಿ ನಡೆದರೆ ಕಣ್ಣು ಕತ್ತಲೆ ಬರುತ್ತಿತ್ತು. ಹತ್ತನೇ ದಿನ ಯೋಗೀಶ ಲಿಫ್ಟಿನಲ್ಲಿ ಕುಸಿದು ಕೂತ. ಕಮಲೇಶ್ ದೀದಿ ಅವನ ತಲೆಗೆ ನೀರು ಹಾಕಲು ಹೋದಳು. ‘ಬೇಡ ದೀದಿ, ಇವತ್ತಿನ ಬಕೆಟ್ ಮುಗಿದಿದೆ,’ ಅಂದ. ನಗಿಸಲು ಹೇಳಿದ್ದ. ಅವನ ತುಟಿ ಒಡೆದು ರಕ್ತ ಬಂದಿತ್ತು. ನನಗೆ ಭಯವಾಯಿತು. ನಿಲ್ಲಿಸಿಬಿಡೋಣ ಅನಿಸಿತು. ಯೋಗೀಶನೇ ಬಿಡಲಿಲ್ಲ.

ಮಾರನೇ ದಿನ ಚಂದ್ರಮೋಹನ್ ಕರ್ಚೀಫು ಮೂಗಿಗೆ ಹಿಡಿದು ಹಾಲಿನ ನಡುವೆ ಬಂದು ನಿಂತು ನನ್ನ ಕಡೆ ತಿರುಗಿದರು.

‘ಏನಿದು ನಾತ! ಮನುಷ್ಯರು ಕೂರೋ ಜಾಗಾನಾ ಇದು? ನಿನ್ನಂಥವರನ್ನ ಒಳಗೆ ಬಿಟ್ಟಿದ್ದೇ ತಪ್ಪು.’

ಹಿಂದಾಗಿದ್ದರೆ ನೆಲ ಬಾಯಿಬಿಡಲಿ ಅಂದುಕೊಳ್ಳುತ್ತಿದ್ದೆ. ಆವತ್ತು ಎದ್ದು ನಿಂತು ಅವರ ಹತ್ತಿರ ಹೋದೆ. ಒಂದು ಮೊಳ ದೂರದಲ್ಲಿ ನಿಂತೆ.

‘ನಾತ ಪಟ್ಟಿ ಪ್ರಕಾರವೇ ಇದೆ ಸರ್. ಸೋಪು ನೀವೇ ಇಳಿಸಿದ್ದು. ಕೆಂಪು ಪೆನ್ಸಿಲ್ಲಲ್ಲಿ ನಿಮ್ಮ ಕೈಬರಹವೇ ಇದೆ. ನೋಡ್ತೀರಾ?’

ಯಾರೋ ಕಿಸಕ್ಕೆಂದು ನಕ್ಕರು. ಚಂದ್ರಮೋಹನ್ ಹಿಂದೆ ಸರಿದರು. ನನ್ನಿಂದ ಮುಟ್ಟಿಸಿಕೊಳ್ಳಬಾರದೆಂದು ಹೆದರಿ ಸರಿದವರನ್ನು ನಾನು ಎಷ್ಟೋ ಕಂಡಿದ್ದೇನೆ. ನಾನಾಗಿ ಮುಂದೆ ಹೆಜ್ಜೆಯಿಟ್ಟು ಸರಿಸಿದ್ದು ಅದೇ ಮೊದಲು.

ಮೂವತ್ತನೇ ತಾರೀಕು ಬೆಳಿಗ್ಗೆ ಕೆಳಗೆ ಒಂದು ಬಸ್ಸು ನಿಂತಿತ್ತು. ಕಾಂಟ್ರ್ಯಾಕ್ಟಿನವರಿಗೆಲ್ಲ ಕುತುಬ್ ಮಿನಾರಿಗೆ ಪಿಕ್ನಿಕ್! ಕಂಪನಿಯ ಖರ್ಚು, ಪೂರಿ-ಛೋಲೆ, ತಣ್ಣನೆ ಜ್ಯೂಸು. ಅಲ್ಲಿಯವರೆಗೆ ನಮಗೆ ಒಂದು ಬಿಸ್ಕತ್ತು ಕೊಟ್ಟವರಲ್ಲ. ಲಂಡನ್ನಿನವರು ಬಂದು ಹೋಗುವವರೆಗೆ ನಮ್ಮನ್ನು ಸಾಗಹಾಕುವ ಉಪಾಯ ಅದು.

‘ಹತ್ತಿ, ಹತ್ತಿ, ಲೇಟಾಯ್ತು,’ ಎಂದು ಚಂದ್ರಮೋಹನ್ ಬಸ್ಸಿನ ಬಾಗಿಲಲ್ಲಿ ನಿಂತು ಕೈ ಬೀಸಿದರು.

‘ಆಗಲ್ಲ ಸರ್. ಮನರಂಜನೆ ಸೊನ್ನೆ,’ ಅಂದ ಯೋಗೀಶ.

‘ತಮಾಷೆ ಸಾಕು. ವಸಂತಿ, ನೀವಾದರೂ ಹೇಳಿ ಇವರಿಗೆ.’

‘ನೀವು’ ಅಂದರು! ನಾನು ಪಟ್ಟಿ ತೆಗೆದು ಸೊನ್ನೆಯ ಮೇಲೆ ಬೆರಳಿಟ್ಟು ತೋರಿಸಿದೆ. ಬಸ್ಸು ಖಾಲಿ ಹೋಯಿತು. ಪೂರಿಯ ವಾಸನೆಗೆ ನಮ್ಮ ಹೊಟ್ಟೆ ಚುರುಗುಟ್ಟಿದ್ದು ಮಾತ್ರ ನಿಜ. ಹರಿಣಿ ಬಸ್ಸಿನ ಹಿಂದೆಯೇ ನೋಡುತ್ತ ‘ಛೋಲೆ ಭೀ ಥೇ, ಯಾರ್,’ ಎಂದು ನಿಟ್ಟುಸಿರು ಬಿಟ್ಟಳು.

ಹನ್ನೆರಡಕ್ಕೆ ಲಂಡನ್ನಿನ ಹೆಂಗಸು ಬಂದಳು. ಬಾಗಿಲಲ್ಲೇ ಒಂದು ಕ್ಷಣ ನಿಂತು ಉಸಿರು ಬಿಗಿಹಿಡಿದು ಒಳಗೆ ಬಂದಳು. ಪಟ್ಟಿ ಬಿ ಕೇಳಿದಳು. ಸಹಿಯ ಜಾಗದಲ್ಲಿ ನಾನು ಬರೆದದ್ದನ್ನು ಓದಿದಳು: ‘ಸ್ವತಃ ಪರಿಶೀಲಿಸಲಾಯಿತು. ಹತ್ತನೇ ದಿನ ಮಾದರಿ ವ್ಯಕ್ತಿ ತೀರಿಕೊಂಡ. ಅಂತ್ಯಕ್ರಿಯೆಗೆ ಪಟ್ಟಿಯಲ್ಲಿ ಹಣವಿಲ್ಲದ ಕಾರಣ ಹೆಣವನ್ನು ಐದನೇ ಮಹಡಿಯಲ್ಲೇ ಇಟ್ಟುಕೊಂಡಿದ್ದೇವೆ. ವಾಸನೆಗೆ ಕ್ಷಮೆ ಇರಲಿ.’

ಅವಳು ನಗಲಿಲ್ಲ. ಕರುಣೆಯನ್ನೂ ತೋರಿಸಲಿಲ್ಲ. ಫೈಲು ಮುಚ್ಚಿ ಚಂದ್ರಮೋಹನ್‌ಗೆ ಇಷ್ಟೇ ಹೇಳಿದಳು: ಸಂಜೆ ಐದರೊಳಗೆ ಸರಿಯಾದ ಸಹಿ ಬೇಕು, ಇಲ್ಲದಿದ್ದರೆ ಹೋದ ವರ್ಷದ ಪಟ್ಟಿಯೇ ಈ ವರ್ಷವೂ ನಡೆಯುತ್ತದೆ. ಹೇಳಿ ಊಟಕ್ಕೆ ಹೋದಳು.

ಚಂದ್ರಮೋಹನ್ ಹೊಸ ಹಾಳೆ ತೆಗೆಸಿದರು. ನನ್ನ ಮುಂದೆ ಇಡಲೇ ಇಲ್ಲ. ‘ನೀನು ನಾಳಿದ್ದಿನಿಂದ ಬರಬೇಡ,’ ಅಂದರು. ನೇರ ಯೋಗೀಶನ ಹತ್ತಿರ ಹೋದರು. ಹೆಗಲ ಮೇಲೆ ಕೈಯಿಟ್ಟರು.

‘ನೀನು ನಮ್ಮವನು ಯೋಗೀಶ. ಮದುವೆಯಾದವನು. ಪರ್ಮನೆಂಟ್ ಮಾಡಿಸ್ತೀನಿ. ಒಂದು ಸಹಿ.’

ಯೋಗೀಶ ಪೆನ್ನು ತೆಗೆದುಕೊಂಡ. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

‘ಸ್ವತಃ ಪರಿಶೀಲಿಸಿ ಅಂತ ಇದೆಯಲ್ಲ ಸರ್. ನಾನು ಒಂದು ದಿನ ಕದ್ದು ಎರಡು ಚಾ ಕುಡಿದುಬಿಟ್ಟೆ. ಲೆಕ್ಕಕ್ಕೆ ಬರಲ್ಲ. ಮತ್ತೆ ಹದಿನೈದು ದಿನ ಟೈಮ್ ಕೊಡಿ.’

‘ನನ್ನದೂ ಲೆಕ್ಕಕ್ಕೆ ಬರಲ್ಲ ಸರ್,’ ಅಂದಳು ಹರಿಣಿ. ‘ಮಮ್ಮಿ ನೇ ಸ್ನಾನ ಕರಾ ದಿಯಾ.’

ಅವರು ಮೇಜಿನಿಂದ ಮೇಜಿಗೆ ಹೋದರು. ಎಲ್ಲರಿಗೂ ಹದಿನೈದು ದಿನ ಬೇಕಿತ್ತು. ಗಡಿಯಾರ ನಾಲ್ಕೂವರೆ ದಾಟಿತು. ಆಗ ಕಕ್ಕಸಿನ ಬಾಗಿಲಿನಿಂದ ಕಮಲೇಶ್ ದೀದಿ ಬಕೆಟ್ಟು ಹಿಡಿದು ಬಂದಳು.

‘ಸಾಹೇಬ್, ನನ್ನ ಅಂಗೂಠಾ ನಡೆಯುತ್ತಾ?’

ಅವಳೂ ನಮ್ಮ ಸಿಬ್ಬಂದಿಯೇ. ಹೆಬ್ಬೆಟ್ಟು ನಡೆಯುತ್ತಿತ್ತು. ಅವಳ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ. ಮೂರು ಮಕ್ಕಳ ತಾಯಿ.

‘ನಡೆಯುತ್ತೆ, ನಡೆಯುತ್ತೆ ಕಮಲೇಶ್‌ಜೀ!’ ಚಂದ್ರಮೋಹನ್ ಓಡಿ ಇಂಕಿನ ಪ್ಯಾಡು ತಂದರು. ತಾವೇ ಮುಚ್ಚಳ ತೆಗೆದು ಹಿಡಿದರು.

‘ನನಗೆ ಹದಿನೈದು ದಿನ ಬೇಡ ಸಾಹೇಬ್. ಹನ್ನೆರಡು ವರ್ಷದಿಂದ ಪರಿಶೀಲನೆ ಮಾಡ್ತಾನೇ ಇದೀನಿ.’ ಅವಳು ಸುಲಿದ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದಳು. ನೀಲಿ ಬೆರಳನ್ನು ಎತ್ತಿ ಹಿಡಿದಳು. ‘ಆದರೆ ನನಗೆ ಓದೋಕ್ಕೆ ಬರಲ್ಲ. ಏನು ಬರೆದಿದೆ, ಓದಿ ಹೇಳಿ. ಹಿಂದಿಯಲ್ಲಿ. ಜೋರಾಗಿ.’

ಚಂದ್ರಮೋಹನ್ ಹಾಳೆ ಎತ್ತಿಕೊಂಡರು. ಎಲ್ಲರೂ ನೋಡುತ್ತಿದ್ದೆವು.

‘ಇತನೇ ಖರ್ಚೇ ಮೇಂ... ಏಕ್ ಆದ್ಮೀ... ಇಸ್ ಶಹರ್ ಮೇಂ...’

ನಿಲ್ಲಿಸಿದರು. ಅವರ ಕಣ್ಣು ಹಾಳೆಯಿಂದ ಅವಳ ಕೈಗೆ ಹೋಯಿತು. ಬಕೆಟ್ಟಿಗೆ ಹೋಯಿತು. ಮತ್ತೆ ಹಾಳೆಗೆ ಬಂತು.

‘ಮುಂದೆ ಓದಿ, ಸಾಹೇಬ್.’

‘ಇಜ್ಜತ್...’ ಅಂದರು. ಕೆಮ್ಮಿದರು. ಕತ್ತಿನ ಟೈ ಸಡಿಲ ಮಾಡಿಕೊಂಡರು. ಎಸಿಯಲ್ಲೂ ಅವರ ಹಣೆಯಲ್ಲಿ ಬೆವರು ಮೂಡಿತ್ತು. ಮರ್ಯಾದೆ ಅನ್ನುವ ಆ ಮಾತಿನಿಂದ ಮುಂದಕ್ಕೆ ಓದಲು ಅವರಿಂದಾಗಲಿಲ್ಲ.

ಕಮಲೇಶ್ ದೀದಿ ಹೆಬ್ಬೆರಳನ್ನು ದುಪಟ್ಟಾಕ್ಕೆ ಒರೆಸಿಕೊಂಡು ಬಕೆಟ್ಟು ಎತ್ತಿದಳು.

‘ಓದೋಕ್ಕೆ ನಿಮಗೇ ಆಗ್ತಿಲ್ಲ. ನಾನು ಒತ್ತೋದು ಹೇಗೆ ಸಾಹೇಬ್?’

ಐದು ಗಂಟೆಗೆ ಫೈಲು ಸಹಿಯಿಲ್ಲದೆ ಹೋಯಿತು. ಉಳಿದ ಮೂವತ್ತು ಜನರ ಸಂಬಳ ಒಂದು ಪೈಸೆ ಇಳಿಯಲಿಲ್ಲ.